ಮೊದಲು ಊದಿದವರು ಯಾರು

“ಗುರುಗಳೇ, ಒಂದು ಆಬ್ಜೆಕ್ಟು ಇವೆಂಟನ್ನು, ಅಂದರೆ ತಾನು ಬದಲಾದೆ ಎಂಬ ಕೂಗನ್ನು, ಎಬ್ಬಿಸುವಾಗ, ಎಬ್ಬಿಸಿದವರು ಯಾರು ಎಂಬುದನ್ನೂ ಅದರ ಜೊತೆಗೇ ಕಳಿಸಬೇಕು ಎಂದು ಹೇಳಿಕೊಟ್ಟಿರಿ. ಆದರೆ ಕೇಳಿಸಿಕೊಳ್ಳುವ ಆಬ್ಜೆಕ್ಟು ಅದನ್ನು ನೋಡುವುದೇ ಇಲ್ಲ. ಕರೆ ಬಂತು, ತನ್ನ ಕೆಲಸ ಮಾಡಿತು, ಮುಗಿಯಿತು. ಹಾಗಿದ್ದ ಮೇಲೆ ಆ ಹೆಸರು ಯಾಕೆ ಬೇಕು?”

ಪ್ರೋಗ್ರಾಂ ಬರೆಯಲು ಕಲಿಯುತ್ತಿದ್ದ ಶಿಷ್ಯ ಹೀಗೆ ಕೇಳಿದ. ತಾನು ಬರೆದದ್ದರಲ್ಲಿ ಎಲ್ಲ ಕಡೆಯಿಂದಲೂ ಅವನು ಆ ಹೆಸರನ್ನು ತೆಗೆದುಹಾಕಿದ್ದ. ಸಾಲುಗಳು ಚಿಕ್ಕವಾಗಿದ್ದವು. ಅದನ್ನು ಅವನು ಇನ್ನೂ ಓಡಿಸಿ ನೋಡಿರಲಿಲ್ಲ.

ಗುರು ಅದನ್ನು ಓದಿದರು. ಅಲ್ಲಿ ಎರಡು ಆಬ್ಜೆಕ್ಟುಗಳಿದ್ದವು. ಮೊದಲನೆಯದು ಬದಲಾದಾಗ ಕೂಗಬೇಕು. ಎರಡನೆಯದು ಆ ಕೂಗು ಕೇಳಿ ತಾನೂ ಬದಲಾಗಿ ಕೂಗಬೇಕು. ಮೊದಲನೆಯದು ಆ ಕೂಗಿಗೂ ಕಿವಿಗೊಟ್ಟಿತ್ತು. ಗುರು ತಪ್ಪು ತೋರಿಸಲಿಲ್ಲ. ಕಾಗದವನ್ನು ಪಕ್ಕಕ್ಕಿಟ್ಟು ಒಂದು ಕತೆ ಹೇಳಿದರು.

ಒಂದು ದೊಡ್ಡ ಕೆರೆ ಇತ್ತು. ಅದರ ಏರಿಯ ಎರಡು ತುದಿಗೆ ಎರಡು ಊರು. ಒಂದು ಮೂಡಲ ಊರು, ಇನ್ನೊಂದು ಪಡುವಲ ಊರು. ಏರಿ ಬಹಳ ಉದ್ದ, ನಡುವೆ ಬಾಗಿತ್ತು. ಒಂದು ಊರಿನಲ್ಲಿ ನಿಂತರೆ ಇನ್ನೊಂದು ಊರು ಕಾಣುತ್ತಿರಲಿಲ್ಲ. ಆದರೆ ನೀರಿನ ಮೇಲೆ ಸದ್ದು ಸಲೀಸಾಗಿ ಸಾಗುತ್ತಿತ್ತು.

ಎರಡು ಊರಿಗೂ ಒಬ್ಬೊಬ್ಬ ದಾಸಯ್ಯ ಇದ್ದ. ಯಾರಾದರೂ ತೀರಿಕೊಂಡರೆ ಆ ಊರಿನ ದಾಸಯ್ಯ ಏರಿಯ ಮೇಲೆ ನಿಂತು ಮೂರು ಸಲ ಶಂಖ ಊದುತ್ತಿದ್ದ. ಹಿಂದೆಯೇ ಒಬ್ಬ ಆಳು ಏರಿಯ ಮೇಲೆ ನಡೆದು ಹೋಗಿ, ಇಂಥ ಮನೆಯ ಇಂಥವರು ಹೋದರು ಎಂದು ಹೇಳುತ್ತಿದ್ದ. ಹೆಸರು ಕೇಳಿದ ಮೇಲೆ ಆಚೆ ಊರಿನ ದಾಸಯ್ಯ ಉತ್ತರವಾಗಿ ಮೂರು ಸಲ ಊದುತ್ತಿದ್ದ. ಉತ್ತರದ ಶಂಖ ಕೇಳಿದರೆ ಮಾತ್ರ ಸತ್ತವರಿಗೆ ದಾರಿ ಸಿಗುತ್ತದೆ, ಇಲ್ಲದಿದ್ದರೆ ಅವರು ಏರಿಯ ಮೇಲೆಯೇ ನಿಂತುಬಿಡುತ್ತಾರೆ ಎಂದು ಎರಡು ಊರಿನವರೂ ನಂಬಿದ್ದರು.

ಉತ್ತರ ಮುಗಿದ ಕೂಡಲೇ ಎರಡು ಊರಿನಲ್ಲೂ ಒಲೆ ಆರಿಸುತ್ತಿದ್ದರು. ಹೆಣ ಮಣ್ಣಿಗೆ ಹೋಗುವವರೆಗೆ ಯಾರೂ ನೀರು ಸೇದುವಂತಿರಲಿಲ್ಲ, ಹಾಲು ಕರೆಯುವಂತಿರಲಿಲ್ಲ, ಉಣ್ಣುವಂತಿರಲಿಲ್ಲ. ಸತ್ತವರ ಊರಿನವರು ಚಟ್ಟ ಕಟ್ಟುವಂತಿರಲಿಲ್ಲ. ಅದನ್ನು ಆಚೆ ಊರಿನವರು ಕಟ್ಟಿ ಹೊತ್ತು ತರಬೇಕು. ತಂದ ಚಟ್ಟವನ್ನು ಬರಿದಾಗಿ ಹಿಂದಕ್ಕೆ ಒಯ್ಯುವಂತಿರಲಿಲ್ಲ.

ಒಂದು ವರ್ಷ ಮಳೆ ಹೆಚ್ಚಾಗಿ ಕೋಡಿ ಹರಿಯಿತು. ಏರಿಯ ಮೇಲಿನ ದಾರಿ ಕೊಚ್ಚಿಹೋಯಿತು. ಆ ವರ್ಷ ಸಾವಿನ ಸುದ್ದಿ ಹೇಳುವ ಆಳು ಆಚೆಗೆ ಹೋಗಲು ಆಗಲಿಲ್ಲ. ಶಂಖ ಕೇಳಿದ ಕೂಡಲೇ ಉತ್ತರ ಊದಿಬಿಡೋಣ, ಹೆಸರನ್ನು ನೀರು ಇಳಿದ ಮೇಲೆ ತಿಳಿದುಕೊಂಡರಾಯಿತು ಎಂದು ಹಿರಿಯರು ಮಾತಾಡಿಕೊಂಡರು. ನೀರು ಇಳಿಯಿತು. ದಾರಿಯನ್ನು ಸರಿಮಾಡಿದರು. ಆದರೆ ಆಳನ್ನು ಕಳಿಸುವುದು ಮತ್ತೆ ಶುರುವಾಗಲಿಲ್ಲ. ಅವನಿಲ್ಲದೆಯೂ ಎಲ್ಲ ನಡೆಯುತ್ತಿತ್ತು. ಚಟ್ಟ ಹೊತ್ತು ಹೋದವರಿಗೆ ಸತ್ತವರು ಯಾರೆಂದು ಹೋದ ಮೇಲೆ ಹೇಗೂ ತಿಳಿಯುತ್ತಿತ್ತು. ಮೊದಲು ಊದಿದ ದಾಸಯ್ಯನಿಗೆ ತಾನೇ ಊದಿದ್ದು ಗೊತ್ತಿರುತ್ತಿದ್ದರಿಂದ, ಆಚೆಯಿಂದ ಬಂದದ್ದು ಉತ್ತರವೆಂದು ತಿಳಿದು ಸುಮ್ಮನಿರುತ್ತಿದ್ದ. ಹೀಗೆ ಹತ್ತಾರು ವರ್ಷ ನಡೆಯಿತು. ಯಾರಿಗೂ ತೊಂದರೆಯಾಗಲಿಲ್ಲ.

ಒಂದು ದಿನ ಬೆಳಗ್ಗೆ ಮೂಡಲ ಊರಿನ ದಾಸಯ್ಯ ಸೌದೆ ತರಲು ಹೋಗಿದ್ದ. ಊರಿನವರೆಲ್ಲ ದೂರದ ಹೊಲಗಳಲ್ಲಿದ್ದರು. ಅವನ ಹೆಂಡತಿ ಕೆರೆಯ ಬದಿಯ ಹಿತ್ತಿಲಲ್ಲಿ ಕೂತು ಪೂಜೆಯ ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ತೊಳೆಯುತ್ತಿದ್ದಳು. ಶಂಖವನ್ನೂ ತೊಳೆದಳು. ಅದರ ಸುರುಳಿಯೊಳಗೆ ನೀರು ಸಿಕ್ಕಿಕೊಂಡಿತು. ಬಗ್ಗಿಸಿದರೆ ಬೀಳಲಿಲ್ಲ, ಕೊಡವಿದರೆ ಬೀಳಲಿಲ್ಲ. ಅವಳು ಸುತ್ತ ನೋಡಿ, ಶಂಖಕ್ಕೆ ಬಾಯಿಟ್ಟು ಊದಿದಳು. ನೀರು ಬರಲಿಲ್ಲ. ಮತ್ತೆ ಊದಿದಳು. ಮೂರನೆಯ ಸಲ ನೀರು ಹೊರಗೆ ಚಿಮ್ಮಿತು.

ಸ್ವಲ್ಪ ಹೊತ್ತಿಗೆ ಪಡುವಲ ಊರಿನಿಂದ ಮೂರು ಸಲ ಶಂಖ ಕೇಳಿತು.

ಹೆಂಗಸರು ಆ ಶಂಖಕ್ಕೆ ಬಾಯಿಡುವಂತಿರಲಿಲ್ಲ. ಗಂಡ ಬಂದ ಮೇಲೆ ಮೆಲ್ಲಗೆ ಹೇಳಿದರಾಯಿತು ಎಂದುಕೊಂಡು ಅದನ್ನು ಒರೆಸಿ ಗೂಡಿನಲ್ಲಿಟ್ಟಳು. ಅಷ್ಟರಲ್ಲಿ ಗಂಡ ಓಡುತ್ತ ಬಂದ. ದೂರದಲ್ಲಿದ್ದ ಅವನಿಗೆ ಕೇಳಿಸಿದ್ದು ಆಚೆ ಊರಿನ ಶಂಖ ಮಾತ್ರ. “ಪಡುವಲ ಊರಿನಲ್ಲಿ ಯಾರೋ ಹೋಗಿದ್ದಾರೆ,” ಎಂದವನೇ ಶಂಖ ತೆಗೆದುಕೊಂಡು ಏರಿಗೆ ಓಡಿದ. ಅವಳು ಬಾಯಿ ತೆರೆಯುವ ಮೊದಲೇ ಅವನು ಊದಲು ಶುರುಮಾಡಿದ್ದ.

ಆಚೆ ಊರಿನ ದಾಸಯ್ಯ ಅದನ್ನು ಕೇಳಿದ. ಈಗ ತಾನೇ ಒಂದು ಸಾವಿಗೆ ಉತ್ತರ ಕೊಟ್ಟಿದ್ದ. ಇದು ಎರಡನೆಯದು ಎಂದುಕೊಂಡ. ಅದಕ್ಕೂ ಮೂರು ಸಲ ಊದಿದ. ಮೂಡಲ ಊರಿನ ದಾಸಯ್ಯ ಅದನ್ನು ಕೇಳಿ, ಅಲ್ಲಿ ಇನ್ನೊಂದು ಸಾವಾಯಿತೆಂದುಕೊಂಡು ಮತ್ತೆ ಊದಿದ.

ಎರಡು ಊರಿನಲ್ಲೂ ಒಲೆ ಆರಿಸಿದರು. ಎರಡು ಊರಿನವರೂ ಬಿದಿರು ಕಡಿದು ಚಟ್ಟ ಕಟ್ಟಿದರು. ಮಧ್ಯಾಹ್ನದ ಹೊತ್ತಿಗೆ ಎರಡು ಚಟ್ಟಗಳು ಎರಡು ತುದಿಯಿಂದ ಹೊರಟು, ಏರಿಯ ಬಾಗಿನಲ್ಲಿ ಒಂದಕ್ಕೊಂದು ಎದುರಾದವು.

“ನಿಮ್ಮಲ್ಲಿ ಯಾರು ಹೋದದ್ದು?” ಎಂದು ಮೂಡಲ ಊರಿನ ಯಜಮಾನ ಕೇಳಿದ.

“ನಮ್ಮಲ್ಲಿ ಯಾರೂ ಹೋಗಿಲ್ಲ. ನಿಮ್ಮಲ್ಲಿಗೇ ಬರುತ್ತಿದ್ದೇವೆ,” ಎಂದರು ಪಡುವಲ ಊರಿನವರು.

ಎರಡು ಕಡೆಯವರೂ ಹೆಗಲಿನಿಂದ ಚಟ್ಟ ಇಳಿಸಿದರು. ಅವರ ಬೆನ್ನ ಹಿಂದೆ ಒಂದು ಕಡೆಯಿಂದ ಶಂಖ ಕೇಳಿತು. ಅದು ಮುಗಿದ ಮೇಲೆ ಇನ್ನೊಂದು ಕಡೆಯಿಂದ ಕೇಳಿತು. ಬಿಸಿಲು ನೆತ್ತಿಯ ಮೇಲಿತ್ತು. ಕೆರೆಯ ನೀರು ಅಲುಗದೆ ನಿಂತಿತ್ತು.

ಬರಿಯ ಚಟ್ಟವನ್ನು ಹಿಂದಕ್ಕೆ ಒಯ್ಯುವಂತಿರಲಿಲ್ಲ. ಎರಡನ್ನೂ ಅಲ್ಲೇ ಅಕ್ಕಪಕ್ಕ ಇಟ್ಟು ಹಿಂತಿರುಗಿದರು. ಯಜಮಾನ ನೇರವಾಗಿ ದಾಸಯ್ಯನ ಬಳಿ ಹೋಗಿ ಊದುವುದನ್ನು ನಿಲ್ಲಿಸಲು ಹೇಳಿದ.

ದಾಸಯ್ಯನ ತುಟಿ ಬಾತಿತ್ತು. “ಯಜಮಾನರೇ, ಮೊದಲು ಊದಿದವನು ನಾನಲ್ಲ. ನಾನು ಉತ್ತರ ಕೊಡುತ್ತಿದ್ದೇನೆ. ಅವರು ನಿಲ್ಲಿಸಿದರೆ ನಾನೂ ನಿಲ್ಲಿಸುತ್ತೇನೆ. ಕೇಳಿಯೂ ಊದದೆ ಬಿಟ್ಟರೆ ಆ ಜೀವ ಏರಿಯ ಮೇಲೆ ನಿಂತುಬಿಡುತ್ತದೆ. ಆ ಪಾಪ ನನಗೆ ಬೇಡ,” ಎಂದ.

ಆಚೆ ಊರಿನ ದಾಸಯ್ಯನೂ ಇದೇ ಮಾತು ಹೇಳಿದನೆಂದು ಸಂಜೆಯ ಹೊತ್ತಿಗೆ ತಿಳಿಯಿತು. ಇಬ್ಬರೂ ಸುಳ್ಳು ಹೇಳುವವರಲ್ಲ. ಯಜಮಾನ ಬಹಳ ಹೊತ್ತು ಯೋಚಿಸಿದ. ಕೊನೆಗೆ ಹೇಳಿದ: “ಇಬ್ಬರೂ ಉತ್ತರ ಕೊಟ್ಟವರು. ಹಾಗಾದರೆ ಯಾರದೋ ಕರೆ ಇರಲೇಬೇಕು. ಸತ್ತವರು ಇದ್ದಾರೆ. ನಮಗೆ ಸಿಕ್ಕಿಲ್ಲ, ಅಷ್ಟೆ.”

ದಾಸಯ್ಯನ ಹೆಂಡತಿ ಗುಂಪಿನ ಹಿಂದೆ ನಿಂತು ಇದನ್ನು ಕೇಳಿದಳು. ಬೆಳಗ್ಗೆ ಹೇಳಬಹುದಾಗಿದ್ದ ಮಾತು ಈಗ ಅವಳ ಬಾಯಲ್ಲಿ ಹಿಡಿಸುತ್ತಿರಲಿಲ್ಲ.

ಎರಡನೆಯ ದಿನ ಎರಡು ಊರಿನಲ್ಲೂ ತಲೆ ಎಣಿಸಿದರು. ಮನೆಮನೆಗೆ ಹೋಗಿ ಹೆಸರು ಹಿಡಿದು ಕರೆದರು. ಎಲ್ಲರೂ ಓಗೊಟ್ಟರು. ಮತ್ತೊಮ್ಮೆ ಎಣಿಸಿದರು. ಒಬ್ಬರೂ ಕಡಿಮೆಯಿರಲಿಲ್ಲ. ಅಷ್ಟರಲ್ಲಿ ಮನೆಗಳಲ್ಲಿ ತುಂಬಿಟ್ಟಿದ್ದ ನೀರು ಮುಗಿದಿತ್ತು. ಕರೆಯದ ಕೆಚ್ಚಲು ಬಿಗಿದು ಹಸುಗಳು ಒರಲುತ್ತಿದ್ದವು. ಕೂಸುಗಳು ಅತ್ತು ಅತ್ತು ಸುಮ್ಮನಾಗಿದ್ದವು. ಶಂಖ ಮಾತ್ರ ನಿಲ್ಲಲಿಲ್ಲ. ಈ ಕಡೆ ಮೂರು, ಆ ಕಡೆ ಮೂರು.

ಆಮೇಲೆ ಜನ ಒಬ್ಬರ ಮುಖವನ್ನು ಒಬ್ಬರು ನೋಡತೊಡಗಿದರು. ಮಾತಾಡುತ್ತಿದ್ದವರು ನಡುವೆ ಮಾತು ನಿಲ್ಲಿಸಿ ಎದುರಿಗಿದ್ದವರ ಎದೆ ಏರಿಳಿಯುವುದನ್ನು ಗಮನಿಸುತ್ತಿದ್ದರು. ಒಬ್ಬ ರೈತ ತನ್ನ ಕೈಯನ್ನೇ ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಯಾಕೆಂದು ಯಾರೂ ಕೇಳಲಿಲ್ಲ.

ಮೂಡಲ ಊರಿನ ಕೊನೆಯಲ್ಲಿ ಒಬ್ಬ ಕುಂಬಾರ ಒಬ್ಬನೇ ಇದ್ದ. ಹೆಂಡತಿ ಹೋಗಿ ಬಹಳ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಎರಡು ವಾರದಿಂದ ಸಣ್ಣಗೆ ಜ್ವರ ಬಂದು, ತಿಗರಿ ತಿರುಗಿಸದೆ ಮಲಗಿದ್ದ. ಎರಡನೆಯ ದಿನ ಮಧ್ಯಾಹ್ನ ಯಜಮಾನ ಅವನ ಬಾಗಿಲಿಗೆ ಬಂದ.

“ಹೇಗಿದ್ದೀಯಪ್ಪ?” ಎಂದು ಕೇಳಿದ.

“ಇದ್ದೇನೆ,” ಎಂದ ಕುಂಬಾರ.

ಯಜಮಾನ ಹೋದ. ಸ್ವಲ್ಪ ಹೊತ್ತಿಗೆ ಇನ್ನಿಬ್ಬರು ಬಂದರು. ಅವರು ಏನೂ ಕೇಳಲಿಲ್ಲ. ಹೊಸ್ತಿಲಾಚೆ ನಿಂತು ಅವನನ್ನು ನೋಡಿ ಹೋದರು. ಆಮೇಲೆ ನಾಲ್ವರು ಬಂದರು. ಕುಂಬಾರ ಅವರಲ್ಲಿ ಒಬ್ಬನ ಹೆಸರು ಹಿಡಿದು ಮಾತಾಡಿಸಿದ. ಆ ಮನುಷ್ಯ ಬೆಚ್ಚಿ ಹಿಂದೆ ಸರಿದನೇ ಹೊರತು ಉತ್ತರ ಕೊಡಲಿಲ್ಲ. ಸಂಜೆಗೆ ನೋಡಿದರೆ ಅವನ ಹೊಸ್ತಿಲ ಮೇಲೆ ಯಾರೋ ಒಂದು ಹಿಡಿ ಅಕ್ಕಿ ಇಟ್ಟು ಹೋಗಿದ್ದರು. ಹೆಣದ ಬಾಯಿಗೆ ಹಾಕುವ ಅಕ್ಕಿ ಅದು.

ಮೂರನೆಯ ದಿನ ಬೆಳಗಾದ ಕೂಡಲೇ ದಾಸಯ್ಯನ ಹೆಂಡತಿ ಕುಂಬಾರನ ಮನೆಗೆ ಬಂದಳು. ಎರಡು ದಿನದಲ್ಲಿ ಅವನ ಹೊಸ್ತಿಲು ದಾಟಿ ಒಳಗೆ ಬಂದವಳು ಅವಳೊಬ್ಬಳೇ.

“ಅಣ್ಣ, ಯಾರೂ ಸತ್ತಿಲ್ಲ. ಮೊದಲು ಊದಿದವಳು ನಾನು. ತೊಳೆಯುವಾಗ ನೀರು ಸಿಕ್ಕಿಕೊಂಡಿತ್ತು,” ಎಂದಳು.

ಕುಂಬಾರ ಗೋಡೆಗೊರಗಿ ಕೂತ. ಆಮೇಲೆ ಕೇಳಿದ: “ಮೂರು ಸಲ ಊದಿದೆಯಾ?”

“ಮೂರು ಸಲ.”

“ನೀರು ಹೋಯಿತೆ?”

“ಹೋಯಿತು.”

ಕುಂಬಾರ ತಲೆಯಾಡಿಸಿದ. “ಈಗ ಇದನ್ನು ಅಲ್ಲಿ ಹೇಳಬೇಡ, ತಾಯಿ. ಅವರು ಹಸಿದಿದ್ದಾರೆ. ಹೇಳಿದರೆ ಚಟ್ಟ ನಿನ್ನ ಬಾಗಿಲಿಗೆ ಬರುತ್ತದೆ. ಮನೆಗೆ ಹೋಗು.”

“ನೀನು ಏನು ಮಾಡುತ್ತೀಯಣ್ಣ?”

“ನನಗೂ ಸುಸ್ತಾಗಿದೆ,” ಎಂದ ಕುಂಬಾರ.

ಅವಳು ಮನೆಗೆ ಹೋದಳು. ಮಧ್ಯಾಹ್ನದೊಳಗೆ ಎಲ್ಲರೆದುರು ಹೇಳಿಬಿಡಬೇಕು ಎಂದುಕೊಂಡು ಕೂತಳು. ಎದ್ದು ಬಾಗಿಲವರೆಗೆ ಹೋದಳು, ಮತ್ತೆ ಬಂದು ಕೂತಳು. ಏರಿಯ ಮೇಲೆ ಗಂಡ ಊದುತ್ತಿದ್ದ. ಅವನ ಉಸಿರು ಎಷ್ಟು ಕಡಿಮೆಯಾಗಿತ್ತೆಂದರೆ ಶಂಖ ಈಗ ಶಂಖದಂತೆ ಕೇಳುತ್ತಿರಲಿಲ್ಲ. ಯಾರೋ ದೂರದಲ್ಲಿ ನರಳಿದಂತೆ ಕೇಳುತ್ತಿತ್ತು. ಆಚೆಯಿಂದಲೂ ಹಾಗೆಯೇ ನರಳಿದ ಸದ್ದು ಬರುತ್ತಿತ್ತು.

ಮಧ್ಯಾಹ್ನ ಬೀದಿಯಲ್ಲಿ ಹೆಜ್ಜೆಗಳ ಸದ್ದಾಯಿತು. ಅವಳು ಹೊರಗೆ ಬಂದಳು. ಏರಿಯ ಬಾಗಿನಲ್ಲಿ ಇಟ್ಟಿದ್ದ, ಪಡುವಲ ಊರಿನವರು ಕಟ್ಟಿದ್ದ ಚಟ್ಟವನ್ನು ನಾಲ್ವರು ಹೊತ್ತು ಬರುತ್ತಿದ್ದರು. ಅದರ ಮೇಲೆ ಕುಂಬಾರ ಮಲಗಿದ್ದ. ಅವರು ಮನೆಗೆ ಹೋದಾಗ ಅವನು ಒಗೆದ ಪಂಚೆಯುಟ್ಟು, ದಕ್ಷಿಣಕ್ಕೆ ತಲೆಹಾಕಿ, ಎದೆಯ ಮೇಲೆ ಕೈಯಿಟ್ಟು ನೆಲದ ಮೇಲೆ ಮಲಗಿದ್ದನಂತೆ. ಹೊಸ್ತಿಲ ಮೇಲೆ ಅಕ್ಕಿ ಇರಲಿಲ್ಲ. ಯಾರೂ ಅವನನ್ನು ಮುಟ್ಟಿ ನೋಡಲಿಲ್ಲ, ಕರೆದು ನೋಡಲಿಲ್ಲ. ಎತ್ತಿ ಮಲಗಿಸಿ ಕಟ್ಟಿದರು.

ಚಟ್ಟ ಅವಳ ಬಾಗಿಲ ಮುಂದೆ ಬಂತು. ಮುಖದ ಮೇಲೆ ಹೊದಿಸಿದ್ದ ಬಟ್ಟೆ ಮೂಗಿನ ಬಳಿ ಒಂದು ಸಲ ಮೇಲೆದ್ದು ಕೆಳಗಿಳಿಯಿತು. ಅವಳು ಅದನ್ನು ಕಂಡಳು. ಹೊತ್ತವರ ಮುಖ ನೋಡಿದಳು. ನಾಲ್ವರೂ ಮುಂದಕ್ಕೆ ನೋಡುತ್ತಿದ್ದರು.

ಅವಳು ಓಡಿಹೋಗಿ ಚಟ್ಟದ ಬಿದಿರನ್ನು ಹಿಡಿದುಕೊಂಡಳು. “ಇಳಿಸಿ. ಮೊದಲು ಊದಿದವಳು ನಾನು. ಯಾರೂ ಸತ್ತಿರಲಿಲ್ಲ. ಶಂಖ ತೊಳೆಯುತ್ತಿದ್ದೆ. ಒಳಗೆ ನೀರು ಸಿಕ್ಕಿಕೊಂಡಿತ್ತು, ಅದನ್ನು ತೆಗೆಯಲು ಊದಿದೆ,” ಎಂದಳು.

ಎಲ್ಲರೂ ನಿಂತರು. ಯಜಮಾನ ಅವಳನ್ನು ನೋಡಿದ. ಆಮೇಲೆ ಏರಿಯ ಕಡೆ ತಿರುಗಿ ಕೈಯೆತ್ತಿದ. ದಾಸಯ್ಯ ಹೆಂಡತಿಯ ಮಾತನ್ನು ಕೇಳಿಸಿಕೊಂಡಿದ್ದ. ಅವನು ಶಂಖವನ್ನು ಬಾಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟ. ಆಚೆಯಿಂದ ಮೂರು ಸಲ ಸದ್ದು ಬಂತು. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಎಲ್ಲರೂ ಕಾದರು. ಮತ್ತೆ ಸದ್ದು ಬರಲಿಲ್ಲ.

ಮೂರು ದಿನದಲ್ಲಿ ಮೊದಲ ಸಲ ಎರಡು ಊರೂ ನಿಶ್ಶಬ್ದವಾದವು. ಒರಲುತ್ತಿದ್ದ ಹಸುಗಳೂ ಸುಮ್ಮನಾದವು.

ಚಟ್ಟವನ್ನು ಇಳಿಸಿ ಹಗ್ಗ ಬಿಚ್ಚಿದರು. ಮುಖದ ಬಟ್ಟೆ ತೆಗೆದರು. ದಾಸಯ್ಯನ ಹೆಂಡತಿ “ಅಣ್ಣ, ಏಳು,” ಎಂದಳು. ಅವನು ಏಳಲಿಲ್ಲ. ಕೈ ಬೆಚ್ಚಗಿತ್ತು. ತುಟಿಯ ನಡುವೆ ನಾಲ್ಕು ಅಕ್ಕಿಕಾಳುಗಳಿದ್ದವು. ಅವನ ಉಸಿರು ನಿಂತಿತ್ತು.

ಅವಳು ನೆಲದ ಮೇಲೆ ಕುಸಿದು ಕೂತಳು. ಜನ ತನ್ನನ್ನು ಬೈಯುತ್ತಾರೆ, ಹೊಡೆಯುತ್ತಾರೆ ಎಂದು ಕಾದಳು. ಯಾರೂ ಏನೂ ಮಾಡಲಿಲ್ಲ. ಯಜಮಾನ ಅವಳ ಪಕ್ಕ ಬಂದು ನಿಂತು ಮೆತ್ತಗೆ ಹೇಳಿದ: “ಅಳಬೇಡಮ್ಮ. ನಿನ್ನದೇನೂ ಇಲ್ಲ. ಸತ್ತವನು ಇವನು. ಶಂಖ ಮೂರು ದಿನ ಮುಂಚೆ ಹೇಳಿತು, ಅಷ್ಟೆ.”

ಉಳಿದವರು ಹೌದೆಂದು ತಲೆಯಾಡಿಸಿದರು. ಅವರ ಮುಖದಲ್ಲಿ ನೆಮ್ಮದಿ ಕಂಡಿತು. ಅವಳು “ಇಲ್ಲ, ಊದಿದವಳು ನಾನು,” ಎಂದು ಮತ್ತೆ ಹೇಳಿದಳು. ಅವರು ಕೇಳಿಸಿಕೊಂಡರು, ಆದರೆ ಅವಳನ್ನು ಯಾರೂ ನೋಡುತ್ತಿರಲಿಲ್ಲ. ಹಗ್ಗವನ್ನು ಮತ್ತೆ ಬಿಗಿದರು. ಚಟ್ಟ ಎತ್ತಿದರು.

ಈಗ ಕುಂಬಾರನಿಗಾಗಿ ಶಂಖ ಊದಬೇಕಾಗಿತ್ತು. ದಾಸಯ್ಯ ಅದನ್ನು ಬಾಯಿಯವರೆಗೆ ಒಯ್ದ. ಊದಲು ಅವನಿಂದ ಆಗಲಿಲ್ಲ. ಕೈ ಕೆಳಗಿಳಿಸಿದ.

ಆಗ ಅವನ ಹೆಂಡತಿ ಎದ್ದಳು. ಯಾರನ್ನೂ ಕೇಳಲಿಲ್ಲ. ಏರಿ ಹತ್ತಿ ಪಡುವಲ ಊರಿನ ಕಡೆ ನಡೆದಳು. ಏರಿಯ ಬಾಗಿನಲ್ಲಿ ಮೂಡಲ ಊರಿನವರು ಕಟ್ಟಿದ್ದ ಚಟ್ಟ ಬಿಸಿಲಿನಲ್ಲಿ ಬಿದ್ದಿತ್ತು. ಅದರ ಮೇಲೆ ಯಾರೂ ಇರಲಿಲ್ಲ. ಆದರೂ ಅವಳು ಅದನ್ನು ದಾಟುವಾಗ ಸೆರಗು ಸರಿಮಾಡಿಕೊಂಡು, ಮಲಗಿದವರನ್ನು ದಾಟಿದಂತೆ ಬದಿಗೆ ಸರಿದು ನಡೆದಳು. ಪಡುವಲ ಊರನ್ನು ಮುಟ್ಟಿ, ಅಲ್ಲಿ ನೆರೆದಿದ್ದವರಿಗೆ ಕುಂಬಾರನ ಹೆಸರು ಹೇಳಿದಳು. ಮೊದಲು ಯಾರು ಊದಿದರು ಎಂಬುದನ್ನೂ ಹೇಳಿದಳು. ಅವರು ಹೆಸರನ್ನು ಮಾತ್ರ ಕೇಳಿಕೊಂಡರು. “ಹಾಗಾದರೆ ಸತ್ತವರು ಇದ್ದರಲ್ಲ,” ಎಂದರು. ಅಷ್ಟರಲ್ಲಿ ಹೆಣ ಮಣ್ಣಿಗೆ ಹೋಗಿರುತ್ತದೆಂದು ಹೆಂಗಸರು ಕೊಡ ಹಿಡಿದು ಬಾವಿಯ ಕಡೆ ಓಡಿದರು.

ಅಂದಿನಿಂದ ಮೂಡಲ ಊರಿನಲ್ಲಿ ಯಾರು ತೀರಿಕೊಂಡರೂ ಅವಳೇ ಏರಿಯ ಮೇಲೆ ನಡೆದು ಹೋಗಿ ಹೆಸರು ಹೇಳುತ್ತಿದ್ದಳು. ಕೂಲಿ ಕೇಳಲಿಲ್ಲ. ಬೇಡವೆಂದವರ ಮಾತು ಕೇಳಲಿಲ್ಲ. ಮುಪ್ಪಾಗಿ ಕಾಲು ಸೋತ ಮೇಲೂ ಕೋಲೂರಿಕೊಂಡು ಹೋಗುತ್ತಿದ್ದಳು. ಬಾಗಿನಲ್ಲಿದ್ದ ಚಟ್ಟವನ್ನು ಬಿಚ್ಚಲು ಎರಡು ಊರಿನವರಿಗೂ ಧೈರ್ಯ ಬರಲಿಲ್ಲ. ಅದರ ಹಗ್ಗ ಕೊಳೆಯಿತು, ಬಿದಿರಿಗೆ ಗೆದ್ದಲು ಹಿಡಿಯಿತು. ನೆಲದಲ್ಲಿ ಅದರ ಗುರುತು ಪೂರ್ತಿ ಅಳಿದ ಮೇಲೂ, ಅಲ್ಲಿ ನಡೆಯುವವರು ಆ ಜಾಗವನ್ನು ತುಳಿಯದೆ ಬದಿಗೆ ಸರಿದೇ ಹೋಗುತ್ತಿದ್ದರು.

ಗುರು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: “ಗುರುಗಳೇ, ಆ ಕುಂಬಾರ ಸಾಯುವುದಕ್ಕೆ ಯಾರ ತಪ್ಪು ಕಾರಣ? ಊದಿದ ಹೆಂಗಸಿನದೇ? ನಿಲ್ಲಿಸದ ದಾಸಯ್ಯಂದಿರದೇ? ಅವನನ್ನು ಮುಟ್ಟಿ ನೋಡದೆ ಹೊತ್ತವರದೇ?”

ಗುರು ಹೇಳಿದರು: “ಆ ಮೂರು ದಿನ ಎರಡು ಊರಿನಲ್ಲೂ ಪ್ರತಿಯೊಬ್ಬರೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದರು.”